ಅತ್ತೆಗೆ ಹಳೇ ಊರು ತೋರಿಸಿದ್ದು

ನಮ್ಮ ಅತ್ತೆಯ ಜೊತೆ ಹೊರಗೆ ಹೊರಟು, ಏನೂ ಆಗದೆ ಮನೆಗೆ ವಾಪಸ್ ಬಂದದ್ದೇ ಇಲ್ಲ. ಮೈಸೂರಿನಿಂದ ಸಿಡ್ನಿಗೆ ಬಂದವರು ದಿ ಪಾಂಡ್ಸ್ ಬಡಾವಣೆಯ ನಮ್ಮ ಮನೆ ಸುತ್ತಮುತ್ತ ಓಡಾಡಿ, "ಎಲ್ಲಾ ಮೊನ್ನೆ ಮೊನ್ನೆ ಕಟ್ಟಿದ ಹಾಗಿದೆಯಲ್ಲೇ! ಹಳೇದು ಅಂತ ಏನೂ ಇಲ್ವಾ ಇಲ್ಲಿ?" ಅಂದರು. ಸರಿ, ಒಂದು ಶನಿವಾರ ನಾನು, ನನ್ನ ಗಂಡ, ಮಗಳು, ಅತ್ತೆ ನಾಲ್ಕೂ ಜನ ನದಿ ದಂಡೆಯ ಒಂದು ಪುಟ್ಟ ಹಳೇ ಊರಿಗೆ ಹೋದೆವು.

ಇಲ್ಲಿ ಜುಲೈ ಅಂದರೆ ಚಳಿಗಾಲ. ಬೆಳಗಾಗಿ ಎಷ್ಟೋ ಹೊತ್ತಾದರೂ ಮಂಜು ಕರಗಿರಲಿಲ್ಲ. ಮುಖ್ಯ ಬೀದಿಯಲ್ಲಿ ನರಪಿಳ್ಳೆಯೂ ಇಲ್ಲ. ಕಲ್ಲಿನ ಕಟ್ಟಡಗಳೆಲ್ಲ ಕಿಟಕಿ ಮುಚ್ಚಿಕೊಂಡು ನಿಂತಿದ್ದವು. ನಮ್ಮದೇ ಹೆಜ್ಜೆ ಸದ್ದು ಹಿಂದಿನಿಂದ ಯಾರೋ ಬಂದ ಹಾಗೆ ಕೇಳಿಸುತ್ತಿತ್ತು.

ಜೈಲಿನಲ್ಲಿ

ಹಳೇ ಜೈಲು ಈಗ ಮ್ಯೂಸಿಯಂ. ಕೈದಿಯ ಕೋಣೆಗೆ ಅತ್ತೆ ಮೊದಲು ನುಗ್ಗಿದರು, ಹಿಂದೆ ನಾನು. ಕತ್ತಲು, ತಣ್ಣಗಿನ ಗೋಡೆ. ಮೂಲೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಒಂದು ಗಂಡು ದನಿ ಕ್ಷೀಣವಾಗಿ ಏನೋ ಗೊಣಗಿತು. ನನ್ನ ಜೀವ ಬಾಯಿಗೆ ಬಂತು. ಮೇಲೆ ಸ್ಪೀಕರ್ ಕಂಡಮೇಲೆ ಉಸಿರು ಬಿಟ್ಟೆ. ಯಾರಾದರೂ ಒಳಗೆ ಕಾಲಿಟ್ಟರೆ ತಾನಾಗಿ ಶುರುವಾಗೋ ರೆಕಾರ್ಡಿಂಗ್ ಅದು.

"ಏನಂತೆ ಅವನಿಗೆ?" ಅಂದರು ಅತ್ತೆ.

"ಹಸಿವಂತೆ ಅತ್ತೆ. ಆದ್ರೆ ಅದು ಬರೀ..."

ನಾನು ಮುಗಿಸೋದರೊಳಗೆ ಬ್ಯಾಗಿನಿಂದ ಕೋಡುಬಳೆ ತೆಗೆದು ಕಲ್ಲಿನ ಕಟ್ಟೆ ಮೇಲಿಟ್ಟು ಕೈ ಮುಗಿದುಬಿಟ್ಟರು. "ಯಾವ ಕಾಲದಿಂದ ಕೇಳ್ತಿದಾನೋ, ಪಾಪ."

ನಮ್ಮ ಹಿಂದೆಯೇ ಒಬ್ಬ ಬಿಳಿಗಡ್ಡದ ಯಜಮಾನರು ಒಳಗೆ ಹೋದರು. ಹೊರಗೆ ಬಂದಾಗ ಕಣ್ಣಲ್ಲಿ ನೀರು. ಟಿಕೆಟ್ ಕೊಡೋಳನ್ನು ಕೇಳಿದರು, "ಆ ಕಾಲದ ಕೈದಿಗಳಿಗೆ ಊಟ ಇಷ್ಟೊಂದು ಖಾರ ಇರ್ತಿತ್ತಾ?"

ಸ್ಮಶಾನದಲ್ಲಿ

ಊರು ತೋರಿಸಲು ಒಬ್ಬ ಗೈಡ್‌ನ ಬುಕ್ ಮಾಡಿದ್ದೆವು. ಚರ್ಚಿನ ಹತ್ತಿರ ಸಿಗುತ್ತೇನೆ ಅಂದಿದ್ದಳು. ಚರ್ಚಿನ ಪಕ್ಕದಲ್ಲೇ ಸ್ಮಶಾನ. ವಾಲಿದ ಕಲ್ಲುಗಳು, ಪಾಚಿ ಕಟ್ಟಿ ಅಳಿಸಿಹೋದ ಹೆಸರುಗಳು. ದೂರದ ಒಂದು ಸಮಾಧಿ ಪಕ್ಕ ಉದ್ದ ಕಪ್ಪು ಲಂಗದ ಹೆಂಗಸೊಬ್ಬಳು ಅಲುಗಾಡದೆ ನಿಂತಿದ್ದಳು. ತಲೆಗೆ ಹಳೇ ಕಾಲದ ಟೋಪಿ. ಮಂಜಿನಲ್ಲಿ ಕಾಲೇ ಕಾಣುತ್ತಿರಲಿಲ್ಲ.

"ಬೊಂಬೆ ಕಣೇ, ಟೂರಿಸ್ಟ್‌ಗಳಿಗೆ ಅಂತ ಇಟ್ಟಿದಾರೆ," ಅಂದ ನನ್ನ ಗಂಡ. ಹೋಗಿ ಅದರ ಪಕ್ಕ ನಿಂತು ಸೆಲ್ಫಿಗೆ ಫೋನ್ ಎತ್ತಿದ.

ಬೊಂಬೆ ನಿಧಾನವಾಗಿ ಕತ್ತು ತಿರುಗಿಸಿತು. "ನಿಮಗೋಸ್ಕರಾನೇ ಕಾಯ್ತಾ ಇದೀನಿ," ಅಂದಿತು.

ಮನುಷ್ಯ ಸಮಾಧಿ ಹಾರಿಕೊಂಡು ಗೇಟು ಮುಟ್ಟಿದ. ಅವಳೇ ನಮ್ಮ ಗೈಡ್! ನಾವು ಲೇಟಾಗಿ ಬಂದಿದ್ದೆವು.

"ಯಾಕ್ರೀ ಹಾಗೆ ಓಡಿದ್ರಿ?" ಅಂತ ಗಂಡನನ್ನು ಕೇಳಿದೆ.

"ಯಾರು ಓಡಿದ್ದು? ಕಾರ್ ಲಾಕ್ ಮಾಡಿದ್ನಾ ಅಂತ ನೋಡೋಕೆ ಹೋದೆ."

ಕಾರು ನಿಲ್ಲಿಸಿದ್ದು ಇನ್ನೊಂದು ಕಡೆ.

ಮುಚ್ಚಿದ ಬಾಗಿಲು

ಕೊನೆಗೆ ಗೈಡ್ ಒಂದು ಹಳೇ ಹೋಟೆಲಿಗೆ ಕರೆದುಕೊಂಡು ಹೋದಳು. ಕುದುರೆಗಾಡಿ ಕಾಲದ್ದು, ಈಗ ಖಾಲಿ. ಅತ್ತೆ, "ನಡೆದು ಸಾಕಾಯ್ತು, ನೀವು ಹೋಗ್ಬನ್ನಿ," ಅಂತ ಜಗುಲಿಯಲ್ಲೇ ಕೂತರು.

ನಾನು, ಗಂಡ, ಮಗಳು ಒಳಗೆ ಹೋದೆವು. ಉದ್ದ ನಡುಮನೆ, ಅದರ ಕೊನೆಯಲ್ಲಿ ಮುಚ್ಚಿದ ಬಾಗಿಲು. ಗೈಡ್ ದನಿ ತಗ್ಗಿಸಿದಳು. ಹೋಟೆಲ್ ಯಜಮಾನನ ಹೆಂಡತಿ ಆ ಕೋಣೆಯಲ್ಲೇ ಸತ್ತಳಂತೆ. ಇನ್ನೂ ಹೊರಗೆ ಬರಲು ಕಾಯುತ್ತಿದ್ದಾಳಂತೆ. ಗೈಡ್ ಬಾಗಿಲಿಗೆ ಬಾಯಿ ಹಚ್ಚಿ, "ಒಳಗಿದ್ದೀಯಾ?" ಅಂದಳು.

ನೆಲದ ಹಲಗೆ ಎಲ್ಲೋ ಕಿರ್ ಅಂದಿತು. ಆಮೇಲೆ ಒಳಗಿನಿಂದ, ದಬ್! ದಬ್! ದಬ್!

ಗೈಡ್ ಗೋಡೆಗೆ ಅಂಟಿಕೊಂಡಳು. "ಪ್ರತಿ ವಾರ ಕೇಳ್ತೀನಿ," ಅಂತ ಪಿಸುಗುಟ್ಟಿದಳು, "ಒಂದು ಸಲಾನೂ ಉತ್ತರ ಬಂದಿಲ್ಲ."

ಬಾಗಿಲ ಹಿಡಿ ತಾನಾಗಿ ಅಲುಗಾಡಿತು. ಒಳಗೆ ಹೆಣ್ಣು ದನಿಯೊಂದು ಗೋಳಾಡುತ್ತಿತ್ತು. ಗಂಡ ನನ್ನ ಕೈ ಹಿಡಿದ, ಮಂಜುಗಡ್ಡೆ ಹಿಡಿದ ಹಾಗಾಯಿತು. ದನಿ ಜೋರಾಯಿತು.

"ಹಿತ್ತಲ ಕಡೆಯಿಂದ ಒಳಗೆ ಬಂದೆ ಕಣ್ರೋ! ಹಿಂದಿನ ಬಾಗಿಲು ಧಡ್ ಅಂತ ಹಾಕ್ಕೊಂಬಿಡ್ತು! ಬೇಗ ತೆಗೀರೋ, ತಡಕೊಳ್ಳೋಕೆ ಆಗ್ತಿಲ್ಲ!"

ಅತ್ತೆ! ನಾವಿಬ್ಬರೂ ಬಾಗಿಲ ಹಿಡಿಗೆ ಕೈ ಹಾಕಿದೆವು. ಕನ್ನಡ ಬಾರದ ಗೈಡ್, ಬಿಳಿಚಿಕೊಂಡ ಮುಖದಲ್ಲಿ ನಮ್ಮನ್ನೇ ನೋಡಿದಳು. "ನಿಮಗೆ ಅರ್ಥ ಆಗ್ತಿದೆ ಅಲ್ವಾ? ಹೇಳಿ, ಆ ಆತ್ಮಕ್ಕೆ ಏನು ಬೇಕಂತೆ?"

ನನ್ನ ಮಗಳು ನಿಟ್ಟುಸಿರು ಬಿಟ್ಟು ಹೇಳಿದಳು, "ಟಾಯ್ಲೆಟ್."