ನನ್ನ ಹಿಮ ಒಡೆಯುವ ಹಡಗು

ಐಸನ್ನು ನಾನು ಕಣ್ಣಾರೆ ಕಂಡಿರುವುದು ಡೊಂಬಿವಿಲಿಯ ನಮ್ಮ ಮನೆಯ ಫ್ರಿಜ್ಜಿನಲ್ಲಿ ಮಾತ್ರ. ಅದನ್ನು ಬಿಡಿಸುವವಳೂ ಹೆಂಡತಿಯೇ. ನಾನು ಕೈ ಹಾಕಿದರೆ ಟ್ರೇ ಒಡೆಯುತ್ತದೆ. ಇಂಥ ನಾನು ಖಾರಘರದ ಒಂದು ಆಫೀಸಿನಲ್ಲಿ ಕೂತು, ಸಮುದ್ರವೇ ಹೆಪ್ಪುಗಟ್ಟುವ ಯಾವುದೋ ಉತ್ತರದ ದೇಶದ ಕರಾವಳಿ ಕಾವಲು ಪಡೆಗೆ ಹಿಮ ಒಡೆಯುವ ಹಡಗಿನ ನಕ್ಷೆ ಬರೆಯುತ್ತ ಹನ್ನೊಂದು ವರ್ಷ ಕಳೆದೆ. ನಗುವವರು ನಗಲಿ. ನನಗಿದ್ದದ್ದು ಒಂದೇ ಆಸೆ: ನಿವೃತ್ತಿಯೊಳಗೆ ನಾನು ಗೆರೆ ಎಳೆದ ಹಡಗು ನೀರಿಗಿಳಿಯಬೇಕು.

ಇಳಿಯಲು ಬಿಟ್ಟರೆ ತಾನೇ? ಮೊದಲು ಆ ಪಡೆಯವರು ಒಂದು ಮೀಟರ್ ದಪ್ಪದ ಹಿಮ ಒಡೆದರೆ ಸಾಕೆಂದರು. ನಕ್ಷೆ ಮುಗಿಯುವಾಗ ಅಲ್ಲಿನ ಸಾಹೇಬರು ಬದಲಾದರು; ಹೊಸಬರಿಗೆ ಎರಡು ಮೀಟರ್ ಬೇಕಾಯಿತು. ಅದಕ್ಕೆ ಬೇಕಾದ ದಪ್ಪ ಉಕ್ಕನ್ನು ಬಗ್ಗಿಸಲು ಹಡಗು ಕಟ್ಟುವವರ ಬಳಿ ಯಂತ್ರವಿರಲಿಲ್ಲ. ಯಂತ್ರ ಬರುವಷ್ಟರಲ್ಲಿ ಅಂಥ ಉಕ್ಕನ್ನು ಬೆಸೆಯಬಲ್ಲ ಹಳಬರೆಲ್ಲ ನಿವೃತ್ತರಾಗಿದ್ದರು. ಈ ನಡುವೆ ಯಾರಿಗೋ ಹಡಗಿನ ಮೇಲೆ ಹೆಲಿಕಾಪ್ಟರ್ ಇಳಿಸುವ ಹುಕಿ ಬಂತು. ಪ್ರತಿ ಸಲವೂ ನಾನು ಮೊದಲಿನಿಂದ ಗೆರೆ ಎಳೆದೆ.

ಹೆಂಡತಿಯ ಅಣ್ಣ ಉಲ್ಹಾಸನಗರದಲ್ಲಿ ಹೋಟೆಲ್ ನಡೆಸುತ್ತಾರೆ. ಪ್ರತಿ ಚೌತಿಗೆ ಅವರ ಮನೆಯಲ್ಲಿ ಊಟ. ಕಡುಬು ಬಡಿಸುತ್ತ ಎಲ್ಲರೆದುರು ಕೇಳುತ್ತಿದ್ದರು: "ಎಂತ ಭಾವ, ಹಡಗು ಇಳಿಯಿತಾ?" ಒಮ್ಮೆ ಉಪದೇಶವೂ ಆಯಿತು. "ಹೊಸತು ಕಟ್ಟಿಸ್ಲಿಕ್ಕೆ ಹೋದ್ರೆ ಆಯುಷ್ಯ ಮುಗೀತದೆ. ನಾವು ಹೋಟೆಲಿನವರು ಎಂತ ಮಾಡ್ತೇವೆ? ಬಂದ್ ಬಿದ್ದ ಹೋಟೆಲ್ ತಗೊಳ್ಳುದು, ಪೇಂಟ್ ಹೊಡೆಯುದು, ಬೋರ್ಡ್ ಬದಲ್ಸುದು. ನಿಮ್ಮ ಸಾಹೇಬ್ರಿಗೂ ಹಾಗೇ ಹೇಳಿ." ನನಗೆ ಮೈಯೆಲ್ಲ ಉರಿಯಿತು. "ಇದು ಇಡ್ಲಿ ಬೇಯಿಸಿದ ಹಾಗಲ್ಲ ಭಾವ" ಎಂದು ಎಲೆ ಬಿಟ್ಟು ಎದ್ದೆ. ಕಡುಬು ಅರ್ಧಕ್ಕೇ ಉಳಿಯಿತು.

ಈ ವರ್ಷ ನಿವೃತ್ತಿಗೆ ಹನ್ನೆರಡು ದಿನ ಇರುವಾಗ ಪತ್ರ ಬಂತು. ಆ ಪಡೆಯವರು ತೈಲ ಕಂಪನಿಯೊಂದು ಬಳಸಿ ಬಿಟ್ಟ ಹಳೆಯ ಹಡಗನ್ನು ಕೊಂಡುಕೊಂಡಿದ್ದರು. ನಮ್ಮ ನಕ್ಷೆ ಇನ್ನು ಬೇಡ. ಆ ಹಳೆಯ ಹಡಗಿನ ಪಕ್ಕಕ್ಕೆ ಬಳಿಯುವ ಕೆಂಪು ಪಟ್ಟೆ ಎಲ್ಲಿಂದ ಎಲ್ಲಿಗೆ, ಹೊಸ ಹೆಸರು ಎಲ್ಲಿ, ಅಷ್ಟು ಗುರುತು ಹಾಕಿ ಕೊಟ್ಟರೆ ಸಾಕು. ಕೊಟ್ಟೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಚೌತಿಯ ದಿನ ಭಾವ ಎಂದಿನಂತೆ ಕೇಳಿದರು. ಮೊಬೈಲಿನಲ್ಲಿ ಕೆಂಪು ಪಟ್ಟೆ ಬಳಿದ ಆ ಹಡಗಿನ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಪೇಂಟ್ ಒಳ್ಳೇದುಂಟು. ಯಾರದ್ದು ಕೆಲಸ?"

"ನನ್ನದೇ" ಎಂದೆ. ಈ ಸಲ ಕಡುಬನ್ನು ಪೂರ್ತಿ ತಿಂದೆ.