ಮೂರೆಲೆಯ ಬೋರ್ಡು

ಶನಿವಾರ ಬೆಳಿಗ್ಗೆ ಕಸದ ಡಬ್ಬಿ ಒಳಗೆ ತರಲೆಂದು ಗರಾಜಿನ ಬಾಗಿಲು ಎತ್ತಿದ ಬಸವಪ್ರಸಾದ ಡಬ್ಬಿಯನ್ನೇ ಮರೆತ. ಮನೆಯ ಮುಂದಿನ ಹುಲ್ಲಿನಲ್ಲಿ, ರಸ್ತೆಗೆ ಮುಖ ಮಾಡಿಕೊಂಡು, ಒಂದು ಹಳದಿ ಬೋರ್ಡು ನಿಂತಿತ್ತು. ನಡುವೆ ವಿಕಿರಣದ ಮೂರೆಸಳಿನ ಕಪ್ಪು ಗುರುತು. ಅದರ ಕೆಳಗೆ, ಮೂರು ಮನೆ ಆಚೆಯಿಂದಲೂ ಓದಬಹುದಾದ ಇಂಗ್ಲಿಷ್ ಅಕ್ಷರಗಳಲ್ಲಿ, 'ಪ್ಲುಟೋನಿಯಂ ಇಂಧನ ಬೇಡವೇ ಬೇಡ!'

ಬೇರೆ ಯಾರ ಮನೆಯ ಮುಂದಿದ್ದರೂ ಅವನು ಓದಿಕೊಂಡು, ಪರವಾಗಿಲ್ಲ, ಜನ ಎಚ್ಚೆತ್ತಿದ್ದಾರೆ ಎಂದು ಮುಂದೆ ಹೋಗುತ್ತಿದ್ದ. ಆದರೆ ಬಸವಪ್ರಸಾದ ಉಣ್ಣುತ್ತಿದ್ದುದೇ ಪ್ಲುಟೋನಿಯಮ್ಮಿನ ಅನ್ನ. ಅಮೆರಿಕದ ಆ ಭಾಗದಲ್ಲಿ, ನದಿಯ ದಡದಲ್ಲೊಂದು ಹಳೆಯ ಅಣುಸ್ಥಾವರವಿತ್ತು. ಅಲ್ಲಿ ಇಷ್ಟು ದಿನ ಉರಿಸುತ್ತಿದ್ದ ಯುರೇನಿಯಮ್ಮಿಗೆ, ಬಿಚ್ಚಿಹಾಕಿದ ಬಾಂಬುಗಳ ಪ್ಲುಟೋನಿಯಂ ಬೆರೆಸಿ ಉರಿಸಿದರೆ ಏನೇನೂ ಆಗುವುದಿಲ್ಲವೆಂದು ಪ್ರಿನ್ಸ್‌ಟನ್ನಿನ ಅವನ ಕಂಪನಿ ದಪ್ಪನೆಯ ವರದಿಯೊಂದನ್ನು ಬರೆಯುತ್ತಿತ್ತು. ಒಂದು ವೇಳೆ ಆಗಿಯೇಬಿಟ್ಟರೆ ಸುತ್ತಲಿನ ಜನ ಎಷ್ಟು ಬೇಗ ಕಾರು ಹತ್ತಿ ಪಾರಾಗುತ್ತಾರೆ ಎಂಬ ಅಧ್ಯಾಯ ಬಸವಪ್ರಸಾದನದು. ಎರಡೇ ಗಂಟೆಯಲ್ಲಿ ಎಲ್ಲರೂ ಪಾರು ಎಂದು ಅವನ ಕಂಪ್ಯೂಟರ್ ಹೇಳುತ್ತಿತ್ತು. ಕೆಲಸದ ದಿನದ ಸಂಜೆ ರೂಟ್ ಒನ್ ಹೆದ್ದಾರಿಯ ಮೇಲೆ ಹೋಗಿ ಒಂದು ಕಟ್ಟು ಕೊತ್ತಂಬರಿ ತರಲು ಅವನಿಗೇ ಅಷ್ಟು ಹೊತ್ತು ಹಿಡಿಯುತ್ತಿತ್ತು. ಅದು ನೆನಪಾದಾಗಲೆಲ್ಲ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆದರೆ ನೆನಪಾಗಿದೆಯೆಂದು ಆಫೀಸಿನಲ್ಲಿ ಬಾಯಿಬಿಡುವ ಕಾಲ ಇದಲ್ಲ. ತಂಡದಲ್ಲಿ ಅರ್ಧ ಜನರನ್ನು ತೆಗೆಯುತ್ತಾರೆಂಬ ಸುದ್ದಿಯಿತ್ತು. ಎಚ್-ಒನ್ ವೀಸಾದವನಿಗೆ ಕೆಲಸ ಹೋಯಿತೆಂದರೆ ಮನೆ ಖಾಲಿ ಮಾಡಿ ದೇಶವನ್ನೂ ಖಾಲಿ ಮಾಡಬೇಕು. ಯಾರು ಉಳಿಯಬೇಕೆಂದು ತೀರ್ಮಾನಿಸುವವನು ಬಾಸ್ ಗ್ರೆಗ್. ಆ ಗ್ರೆಗ್ ಇವತ್ತು ಸಂಜೆ ಹೆಂಡತಿಯನ್ನು ಕರೆದುಕೊಂಡು ಇದೇ ಹುಲ್ಲಿನ ಪಕ್ಕ ಕಾರು ನಿಲ್ಲಿಸಿ ಊಟಕ್ಕೆ ಬರುವವನಿದ್ದ.

ಬಸವಪ್ರಸಾದ ಓಡಿಹೋಗಿ ಬೋರ್ಡಿನ ಕಾಲುಗಳಿಗೆ ಕೈ ಹಾಕಿದ.

"ಅಯ್ಯಯ್ಯ! ಕೈ ಹಚ್ಚಬ್ಯಾಡ್ರಿ ಅಳಿಯಂದ್ರ!"

ಬಾಗಿಲಲ್ಲಿ ಅತ್ತೆ ಕಮಲವ್ವ ನಿಂತಿದ್ದರು. ಮಾವ ಸಿದ್ದಲಿಂಗಯ್ಯನವರು ವಿಮಾನಕ್ಕೆ ಹೆದರಿ ಧಾರವಾಡದಲ್ಲೇ ಉಳಿದಿದ್ದರಿಂದ ಮಗಳ ಮನೆಗೆ ಒಬ್ಬರೇ ಬಂದಿದ್ದರು. ಯಾರಿಗೂ ಹೆದರುವ ಪೈಕಿ ಅಲ್ಲ.

"ಇದನ್ನ ಇಲ್ಲಿ ಯಾರು ಹುಗದಾರ್ರಿ ಅತ್ತಿ?"

"ನಾನ, ಇವತ್ತ ಮುಂಜಾನೆ ಪೂಜಿ ಮಾಡಿ ಹುಗದೆ. ನಿನ್ನಿ ಶುಕ್ರಾರ ನೀವಿಬ್ರೂ ಆಫೀಸಿಗೆ ಹ್ವಾದ ಮ್ಯಾಲೆ ಒಬ್ಬಾಕಿ ಬಂದಿದ್ಲ್ರಿ. ಬಿಸಲಾಗ ನಡದು ಮಾರಿ ಕೆಂಪಗಾಗಿತ್ತು. ಏನೇನೋ ಹೇಳಿದ್ಲು, ನಾ ಎಲ್ಲಾದಕ್ಕೂ ಹೂಂ ಅಂದೆ. ಶುಕ್ರಾರ ಬಾಗಲಕ ಬಂದ ಮುತ್ತೈದಿನ್ನ ಹಂಗ ಕಳಸೂದಕ್ಕ ಆಗತೈತೇನು? ಕುಂದ್ರಿಸಿ, ಕುಂಕುಮ ಹಚ್ಚಿ, ಉಡಿ ತುಂಬಿದೆ."

"ಉಡಿ? ಆಕಿಗೆ?"

"ಸೆರಗು ಎಲ್ಲೈತಿ ಪಾಪ. ಅಂಗಿ ತುದಿ ಹಿಡಿಯವಾ ಅಂತ ಕೈಮಾಡಿ ತೋರ್ಸಿದೆ. ಅಕ್ಕಿ, ಕೊಬ್ಬರಿ ಬಟ್ಟಲ, ಒಂದು ಖಣ ಹಾಕಿದೆ. ಆಕಿ ಕಣ್ಣಾಗ ನೀರು ಬಂದ್ವು. ತಾನೂ ಏನರ ಕೊಡಬೇಕಂತ ಇದನ್ನ ಕೊಟ್ಲು. ನೋಡ್ರಿ, ಮೂರೆಲಿ ಬಿಲ್ವಪತ್ರಿ! ಮುತ್ತೈದಿ ಕೊಟ್ಟದ್ದನ್ನ ಕಿತ್ತು ಒಗೀಬಾರದು."

ಬಸವಪ್ರಸಾದ ಆಗ ಸರಿಯಾಗಿ ನೋಡಿದ. ವಿಕಿರಣದ ಗುರುತಿನ ನೆತ್ತಿಗೆ ವಿಭೂತಿಯ ಮೂರು ಪಟ್ಟೆಗಳು, ನಡುವಿನ ಬೊಟ್ಟಿಗೆ ಕುಂಕುಮ.

"ಅತ್ತಿ, ಅದು ಬಿಲ್ವಪತ್ರಿ ಅಲ್ರಿ. ಇಲ್ಲಿ ವಿಷ ಐತಿ, ಹತ್ರ ಬರಬ್ಯಾಡ್ರಿ ಅನ್ನೂ ಗುರ್ತು."

"ವಿಷ ಅಂದ ಮ್ಯಾಲೆ ಮುಗೀತಲ್ರಿ! ವಿಷ ಕುಡದಾಂವ ಯಾರು? ನೀಲಕಂಠ. ಅವಂಗ ಏರಸೂದು ಏನು? ಬಿಲ್ವಪತ್ರಿ. ಇಲ್ಲಿ ಮಂದಿಗೆ ಏನೂ ಗೊತ್ತಿಲ್ಲ ಅಂದ್ಕೊಂಡಿದ್ದೆ. ಎಲ್ಲಾ ಗೊತ್ತೈತಿ."

ಬಸವಪ್ರಸಾದ ಬೋರ್ಡಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ತಾನು ಮಾಡುವ ಕೆಲಸವೇನು, ಈ ಬೋರ್ಡು ಅದಕ್ಕೆ ಹೇಗೆ ಎದುರು ಎಂದು ಬಿಡಿಸಿ ಹೇಳಿದ. ಕಮಲವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡರು.

"ಅಂದ್ರ ಒಲಿ ಹೊತ್ತಸ್ತೀರಿ, ಕಟಗಿ ಬದ್ಲಿ ಅದನ್ನ ಹಾಕ್ತೀರಿ. ಹೌದಿಲ್ಲೋ? ಮತ್ತ ಬೂದಿ ಎಲ್ಲಿ ಚೆಲ್ತೀರಿ?"

"ಅದು… ಎಲ್ಲಿ ಅಂತ ಇನ್ನಾ ಗಟ್ಟಿ ಆಗಿಲ್ರಿ."

"ಬೂದಿ ಎಲ್ಲಿ ಚೆಲ್ಲೂದು ಅನ್ನೂದ ಗೊತ್ತಿಲ್ದ ಒಲಿ ಹೊತ್ತಸ್ತೀರಿ?" ಎಂದು ಅವರು ಒಳಗೆ ನಡೆದರು. ಹೆಣ್ಣು ಕೊಟ್ಟ ಅಳಿಯನೆಂದು ಅದಕ್ಕಿಂತ ಹೆಚ್ಚು ಅನ್ನಲಿಲ್ಲ.

ಕೀಳುವಂತಿಲ್ಲ, ಬಿಡುವಂತಿಲ್ಲ. ಮರೆ ಮಾಡಬಹುದಲ್ಲ! ಬಸವಪ್ರಸಾದ ಕಾರು ಹೊರತೆಗೆದು, ಹುಲ್ಲಿನ ಮೇಲೆ ಹತ್ತಿಸಿ, ರಸ್ತೆಗೂ ಬೋರ್ಡಿಗೂ ನಡುವೆ ನಿಲ್ಲಿಸಿದ. ಇಳಿಯುವಷ್ಟರಲ್ಲಿ ಎದುರು ಮನೆಯ ಕಶ್ಯಪ್ ಕಾಫಿ ಲೋಟದ ಸಮೇತ ರಸ್ತೆ ದಾಟಿ ಬರುತ್ತಿದ್ದ. ಮೈಸೂರಿನವನು, ಬಡಾವಣೆಯ ಅಸೋಸಿಯೇಷನ್ನಿನ ಕಾರ್ಯದರ್ಶಿ. ಯಾರ ಮನೆಯ ಹುಲ್ಲು ಎಷ್ಟು ಬೆಳೆದಿದೆ ಎಂಬುದು ಹುಲ್ಲಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು.

"ಏನ್ರೀ ಪ್ರಸಾದ್, ಲಾನ್ ಮೇಲೆ ಕಾರು ಪಾರ್ಕ್ ಮಾಡಿದೀರಲ್ರೀ! ರೂಲ್ಸ್ ಓದಿಲ್ವಾ ನೀವು?"

"ಐದೇ ನಿಮಿಷ ಕಶ್ಯಪ್, ತೆಗೀತೀನಿ."

"ಐದು ನಿಮಿಷಾನೂ ಫೈನ್, ಐದು ದಿನಾನೂ ಫೈನ್." ಎಂದು ಚಕ್ರದ ಗುರುತು ಪರೀಕ್ಷಿಸಲು ಆಚೆ ಸುತ್ತಿ ಹೋದ ಕಶ್ಯಪ್ ಬೋರ್ಡನ್ನು ಎರಡೆರಡು ಸಲ ಓದಿದ. ವಾಪಸು ಬಂದಾಗ ಅವನ ಮುಖವೇ ಬೇರೆಯಾಗಿತ್ತು. "ಪ್ರಸಾದ್… ನೀವು ಆ ಕಂಪನಿ ಒಳಗೇ ಕೆಲಸ ಮಾಡೋರು. ಒಳಗಿನವರೇ ಬೇಡ ಅಂತ ಬೋರ್ಡ್ ಹಾಕಿದೀರಾ ಅಂದ್ರೆ ಅದೆಷ್ಟು ಡೇಂಜರ್ ಇರ್ಬೇಕು ರೀ! ಏನ್ ಗುಂಡಿಗೆ ಕಣ್ರೀ ನಿಮ್ದು!"

"ಅಯ್ಯೋ, ನಾನಲ್ಲ ಮಾರಾಯ್ರೇ, ನಮ್ಮತ್ತೆ…"

"ಫ್ಯಾಮಿಲಿ ಸಪೋರ್ಟೂ ಇದೆ! ಕಾರ್ ತೆಗೀರಿ ಮೊದ್ಲು, ಕಾಣ್ಲಿ. ಲಾನ್ ಮೇಲೆ ಕಾರ್ ಇಡಬಾರ್ದು, ಬೋರ್ಡ್ ಇಡಬಹುದು."

ಕಾರು ತೆಗೆಸಿ, ಬೋರ್ಡಿನ ಚಿತ್ರ ಹಿಡಿದು, ಕಶ್ಯಪ್ ಅದನ್ನು ತಮ್ಮೂರು ಮಾನ್ಮತ್ ಜಂಕ್ಷನ್ನಿನ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಹಾಕಿಯೇ ಮನೆಗೆ ಹೋದದ್ದು. ಬಸವಪ್ರಸಾದನ ಫೋನು ಹುರಿಗಾಳಿನ ಬಾಣಲೆಯಂತೆ ಚಟಪಟ ಅನ್ನತೊಡಗಿತು. ಭೇಷ್ ಎಂದವರು ಹಲವರು. ನಮಗೂ ಒಂದು ಬೋರ್ಡು ಬೇಕಿತ್ತು, ವಿಭೂತಿ ಹಚ್ಚಿದ್ದೇ ಸಿಗುತ್ತದೆಯೇ ಎಂದು ಪಕ್ಕದೂರು ಸಮರ್‌ಸೆಟ್‌ನಿಂದ ಯಾರೋ ಕೇಳಿದ್ದರು.

"ರೀ, ನಿಮ್ಮ ಫೋನ್ ಯಾಕ ಹಿಂಗ ಒದರಾಕತ್ತೈತಿ?" ಅಡುಗೆಮನೆಯಿಂದ ಹೆಂಡತಿ ಸುಪ್ರಿಯಾ ಕೇಳಿದಳು. ಅವನು ಎಲ್ಲ ಹೇಳಿದ. ಅವಳು ಬದನೆಕಾಯಿಗೆ ಮಸಾಲೆ ತುಂಬುತ್ತಲೇ, "ಅವ್ವಗ ನಾ ಹೇಳೂದಿಲ್ಲ. ನಿಮ್ಮ ಬಾಸು, ನಿಮ್ಮ ಅತ್ತಿ, ನೀವ ನೋಡ್ಕೊಳ್ರಿ" ಅಂದಳು.

ಉಳಿದದ್ದು ಒಂದೇ ದಾರಿ. ಗ್ರೆಗ್‌ಗೆ ಫೋನು ಮಾಡಿ, ಮನೆಯಲ್ಲಿ ಒಲೆ ಕೆಟ್ಟಿದೆ, ಹೋಟೆಲಿನಲ್ಲಿ ಊಟ ಮಾಡೋಣವೇ ಎಂದು ಕೇಳಿದ. ಗ್ರೆಗ್ ಗಹಗಹಿಸಿ ನಕ್ಕ. ತಣ್ಣಗಿನ ಊಟವಾದರೂ ಸರಿ, ಬಂದೇ ಬರುತ್ತೇವೆ, ಹೆಂಡತಿ ಪ್ಯಾಟ್ರಿಷಿಯಾ ನಿನ್ನೆ ಗಾರ್ಡನ್ ಕ್ಲಬ್ಬಿನಿಂದ ಬಂದಾಗಿನಿಂದ ಭಾರತ, ಭಾರತ ಅಂತಿದ್ದಾಳೆ ಎಂದ.

ಮಧ್ಯಾಹ್ನವೆಲ್ಲ ಬಸವಪ್ರಸಾದ ಕಿಟಕಿಗೂ ಬಾಗಿಲಿಗೂ ಓಡಾಡಿದ. ನಾಲ್ಕರ ಹೊತ್ತಿಗೆ ಯಾರದೋ ನಾಯಿ ಹುಲ್ಲಿಗೆ ಬಂದು ಬೋರ್ಡನ್ನು ಮೂಸಿ ಕಾಲೆತ್ತಿದ್ದು ಕಂಡಿತು. ಜೀವಮಾನದಲ್ಲಿ ಯಾವ ನಾಯಿಯನ್ನೂ ಅವನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

"ಅತ್ತಿ! ನೋಡ್ರಿಲ್ಲೆ! ಬಿಲ್ವಪತ್ರಿ ಹೊರಗಿಟ್ರ ನಾಯಿ ಪಾಲು ಆಗತೈತಿ. ದೇವರ ಕ್ವಾಣ್ಯಾಗ ಇಡಬೇಕಿಲ್ಲೋ?"

ಕಮಲವ್ವ ಗಲ್ಲ ಗಲ್ಲ ಬಡಿದುಕೊಂಡರು. ಎರಡೇ ನಿಮಿಷದಲ್ಲಿ ಬೋರ್ಡು ನೀರು ಸೋಕಿಸಿಕೊಂಡು, ಕಾಲು ಕಳಚಿಕೊಂಡು, ಮೆಟ್ಟಿಲ ಕೆಳಗಿನ ದೇವರ ಕೋಣೆ ಸೇರಿತು. ಬಸವಪ್ರಸಾದ ಇನ್ನೂ ಒಂದು ಎಚ್ಚರಿಕೆ ವಹಿಸಿದ. ದೇವರಿಗೆ ಏರಿಸಿದ್ದಕ್ಕೆ ವಸ್ತ್ರ ಬೇಡವೇ ಎಂದು ಅತ್ತೆಯಿಂದಲೇ ಒಂದು ಗುಳೇದಗುಡ್ಡದ ಖಣ ಕೇಳಿ ಪಡೆದು, ಅಕ್ಷರಗಳೆಲ್ಲ ಮುಚ್ಚುವಂತೆ ಉಡಿಸಿದ. ಮೂರೆಲೆ ಮಾತ್ರ ಕಾಣುತ್ತಿತ್ತು. ಕಮಲವ್ವ ಅದರ ಮುಂದೆ ದೀಪ ಹಚ್ಚಿದರು. ಬಸವಪ್ರಸಾದ ನಿಜವಾದ ಭಕ್ತಿಯಿಂದಲೇ ಕೈಮುಗಿದ.

ಆರಕ್ಕೆ ಗ್ರೆಗ್ ಬಂದ. ಹಿಂದೆಯೇ ಎತ್ತರದ ಒಬ್ಬ ಹೆಂಗಸು, ಕೊರಳಿಗೆ ಸ್ಕಾರ್ಫಿನಂತೆ ಸುತ್ತಿಕೊಂಡ ಕೆಂಪು ಖಣ.

"ಅಯ್ಯ, ಬಾರವಾ ತಂಗಿ!" ಕಮಲವ್ವ ಎರಡೂ ಕೈ ಚಾಚಿ ಓಡಿದರು. "ಅಳಿಯಂದ್ರ, ಈಕಿನ ನೋಡ್ರಿ ನಿನ್ನಿ ಬಂದಾಕಿ!"

ಬೋರ್ಡು ಕೊಟ್ಟವಳು ಬಾಸಿನ ಹೆಂಡತಿಯೇ! ಪುಣ್ಯಕ್ಕೆ ಗ್ರೆಗ್‌ಗೆ ಕನ್ನಡ ಬರುತ್ತಿರಲಿಲ್ಲ. ಪ್ಯಾಟ್ರಿಷಿಯಾ ಮಾತ್ರ ಗಂಡನ ಬೆನ್ನ ಹಿಂದಿನಿಂದ ಬಸವಪ್ರಸಾದನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಆದರೆ ಕಮಲವ್ವನಿಗೆ ಯಾರ ಬೆರಳೂ ಲೆಕ್ಕಕ್ಕಿರಲಿಲ್ಲ. ಕೊಟ್ಟದ್ದನ್ನು ಎಷ್ಟು ಮರ್ಯಾದೆಯಿಂದ ಇಟ್ಟಿದ್ದೇವೆಂದು ತೋರಿಸಲು ಅವಳ ಕೈಹಿಡಿದು ದೇವರ ಕೋಣೆಗೆ ಎಳೆದುಕೊಂಡು ಹೋದರು. ಮನೆ ನೋಡುವ ಹುಮ್ಮಸ್ಸಿನಲ್ಲಿ ಗ್ರೆಗ್ಗೂ ಹಿಂದೆಯೇ ನಡೆದ.

ದೀಪದ ಬೆಳಕಿನಲ್ಲಿ ಮೂರೆಲೆ ಹೊಳೆಯುತ್ತಿತ್ತು. ವಿಭೂತಿ, ಕುಂಕುಮ, ಮೇಲೊಂದು ದಾಸವಾಳ. ಗ್ರೆಗ್ ತುಂಬ ಹೊತ್ತು ನೋಡಿದ. ಬಸವಪ್ರಸಾದ ಮನಸ್ಸಿನಲ್ಲೇ ಸೂಟ್‌ಕೇಸು ತುಂಬತೊಡಗಿದ.

"ಪ್ರಸಾದ್," ಎಂದು ಗ್ರೆಗ್ ಅವನತ್ತ ತಿರುಗಿದ. "ಮೂವತ್ತು ವರ್ಷದಿಂದ ಈ ಉದ್ಯಮದಲ್ಲಿದ್ದೇನೆ. ಅಣುಶಕ್ತಿಯ ಪರ ವಾದ ಮಾಡುವವರನ್ನು ನೋಡಿದ್ದೇನೆ. ಅದಕ್ಕೆ ದೀಪ ಹಚ್ಚಿಡುವವರನ್ನು ಇವತ್ತೇ ನೋಡಿದ್ದು." ಹೆಗಲ ಮೇಲೆ ಕೈ ಬಿತ್ತು. "ಯಾರು ಹೋದರೂ ನೀನು ಹೋಗುವುದಿಲ್ಲ. ಸೋಮವಾರ ಸಂಜೆ ಈ ಇಂಧನದ ಬಗ್ಗೆ ಕರೆದಿರುವ ಟೌನ್‌ಶಿಪ್ ಸಭೆಯಲ್ಲಿ ಜನ ನಮ್ಮ ಮೈಮೇಲೆ ಬೀಳುತ್ತಾರೆ. ವೇದಿಕೆಯ ಮೇಲೆ ಕಂಪನಿಯ ಪರವಾಗಿ ಉತ್ತರ ಕೊಡುವವನು ನೀನೇ."

ಬಸವಪ್ರಸಾದನಿಗೆ ಅಳು ಬರುವಷ್ಟು ಸಂತೋಷವಾಯಿತು. ಆ ಸಂತೋಷ ಊಟ ಮುಗಿಯುವ ತನಕ ಇತ್ತು. ಸಿಹಿಯ ತಟ್ಟೆ ಒಳಗಿಡಲು ಅಡುಗೆಮನೆಗೆ ಬಂದ ಪ್ಯಾಟ್ರಿಷಿಯಾ ಅವನನ್ನು ಫ್ರಿಜ್ಜಿನ ಮೂಲೆಗೆ ಕರೆದಳು.

"ನನ್ನ ಗುಟ್ಟು ಬಿಟ್ಟುಕೊಡದೆ ಇದ್ದುದಕ್ಕೆ ಬಹಳ ಉಪಕಾರವಾಯಿತು. ಪ್ರಿನ್ಸ್‌ಟನ್ನಿನಲ್ಲಿ ಗುರುತು ಸಿಗುತ್ತದೆಂದು ಬೋರ್ಡು ಹಂಚಲು ಈ ಕಡೆ ಬರುತ್ತೇನೆ. ಗ್ರೆಗ್‌ಗೆ ಗೊತ್ತಿರುವುದು ಗಾರ್ಡನ್ ಕ್ಲಬ್ ಮಾತ್ರ. ಸೋಮವಾರ ಸಭೆಯಲ್ಲೇ ಗೊತ್ತಾಗಲಿ, ನನಗೂ ಬಚ್ಚಿಟ್ಟು ಸಾಕಾಗಿದೆ. ನೂರಾರು ಬಾಗಿಲು ತಟ್ಟಿದೆ, ಒಳಗೆ ಕರೆದು ಕೂರಿಸಿದ್ದು ನಿಮ್ಮ ಅತ್ತೆ ಒಬ್ಬರೇ. ಇಂಧನ ಬೇಡವೆನ್ನುವ ನಮ್ಮ ಕಡೆಯಿಂದ ಮೊದಲು ಅವರೇ ಮಾತಾಡಬೇಕೆಂದು ಹೆಸರು ಕೊಟ್ಟಿದ್ದೇನೆ. ನಿನ್ನೆಯೇ ಕೇಳಿದೆ, ಹೂಂ ಅಂದರು. ನೀವು ಒಂದು ನಿಮಿಷ ವೇದಿಕೆಯಿಂದ ಇಳಿದು, ಅವರ ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ಹೇಳಿದರಾಯಿತು."

ಬಾಸಿನ ಹೆಂಡತಿಗೆ ಇಲ್ಲ ಅನ್ನುವ ಗಂಡಸು ಇನ್ನೂ ಹುಟ್ಟಬೇಕಷ್ಟೆ. ಬಸವಪ್ರಸಾದ ತಲೆಯಾಡಿಸಿದ. ಹೊರಗೆ ಗ್ರೆಗ್ ಎರಡನೆಯ ಬಟ್ಟಲು ಶಾವಿಗೆ ಪಾಯಸ ಕುಡಿಯುತ್ತಿದ್ದ.

ಅವರನ್ನು ಕಳಿಸಿ ಬಾಗಿಲು ಹಾಕಿದಾಗ ಫೋನು ಮತ್ತೆ ಚಟಪಟ ಎಂದಿತು. ಕಶ್ಯಪ್ ಬರೆದಿದ್ದ: "ಸೋಮವಾರದ ಸಭೆಗೆ ನಮ್ಮ ಬೀದಿಯವರೆಲ್ಲ ಬರ್ತಿದೀವಿ. ಮೊದಲ ಸಾಲು ನಮ್ದೇ. ಪ್ಲುಟೋನಿಯಂ ಬೇಡ ಅಂತ ನೀವು ಎದ್ದು ಹೇಳಿದಾಗ ಚಪ್ಪಾಳೆ ಹೊಡೆಯೋದು ನಮ್ಮ ಡ್ಯೂಟಿ."

ದೀಪಕ್ಕೆ ಎಣ್ಣೆ ಹಾಕಿ ಬಂದ ಕಮಲವ್ವನಿಗೆ ಮಗಳು ಸೋಮವಾರದ ಸಭೆಯ ವಿಷಯವನ್ನಷ್ಟೇ ತಿಳಿಸಿದ್ದಳೆಂದು ತೋರುತ್ತಿತ್ತು. ಗಂಭೀರವಾಗಿ ಅಳಿಯನ ಎದುರು ಕೂತರು.

"ಸೋಮಾರ ನಾ ಭಾಳ ಮಾತಾಡೂದಿಲ್ರಿ. ಬೂದಿ ಎಲ್ಲಿ ಚೆಲ್ತೀರಿ ಅಂತ ಒಂದ ಮಾತು ಕೇಳಾಕಿ. ನೀವು ಅದನ್ನ ಇಂಗ್ಲೀಷಿನ್ಯಾಗ ಗಟ್ಟ್ಯಾಗಿ ಕೇಳ್ರಿ."

"ಯಾರನ್ನ ಕೇಳ್ಲಿ ಅತ್ತಿ?"

"ಕಂಪನಿ ಕಡಿಯಾಂವ ಒಬ್ಬ ಮ್ಯಾಲ ಕುಂತಿರ್ತಾನಂತಲ್ರಿ, ಅವನ್ನ. ಉತ್ತರ ಕೊಡೂತನಕ ಬಿಡಬ್ಯಾಡ್ರಿ ಮತ್ತ."