ಪೂಜೆಗಿಟ್ಟ ವೋಟು

ಅಂಚೆಯಲ್ಲಿ ಬಂದ ವೋಟಿನ ಕವರನ್ನು ವತ್ಸಲಾ ಸರಸ್ವತಿ ಪೂಜೆಗೆ ಇಟ್ಟುಬಿಟ್ಟದ್ದೇ ಎಲ್ಲಕ್ಕೂ ಮೂಲ. ಪುಸ್ತಕಗಳ ರಾಶಿಯ ಮೇಲೆ ಅದನ್ನು ಮಗುಚಿ ಹಾಕಿ, ಅರಿಶಿನ ಕುಂಕುಮ ಏರಿಸಿ, "ವಿಜಯದಶಮಿ ತನಕ ಯಾರೂ ಮುಟ್ಟೋ ಹಾಗಿಲ್ಲ" ಎಂದಿದ್ದರು. ಗಂಡ ಸತ್ಯಮೂರ್ತಿಗೆ ಒಳಗೊಳಗೇ ನೆಮ್ಮದಿಯಾಯಿತು. ಮೂರು ದಿನ ಯಾರು ಕೇಳಿದರೂ ದೇವಿಯ ಕಡೆ ಕೈ ತೋರಿಸಬಹುದು.

ಅಮೆರಿಕದ ಪ್ರಜೆಯಾಗಿ, ಅರವತ್ತೇಳನೆಯ ವಯಸ್ಸಿನಲ್ಲಿ, ಇದು ಅವರ ಮೊದಲ ವೋಟು. ಇಲ್ಲಿ ಬ್ಯಾಲೆಟ್ಟು ಅಂಚೆಯಲ್ಲೇ ಮನೆಗೆ ಬರುತ್ತದೆ; ಗುರುತು ಹಾಕಿ, ಕವರು ಅಂಟಿಸಿ, ಊರಿನ ಡಬ್ಬಿಗೆ ಹಾಕಿ ಬಂದರಾಯಿತು. ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯಲ್ಲಿದ್ದ ಮಗ ಚರಣ್‌ನ ಮನೆ ಬಿಟ್ಟು, ಸೆರಿಟೋಸ್ ಪಕ್ಕದ ಈ ಪುಟ್ಟ ಊರಿಗೆ ಗಂಡ ಹೆಂಡತಿ ಬಂದು ವರ್ಷವಾಗಿತ್ತು. ಊರಿನ ಕೌನ್ಸಿಲ್‌ನಲ್ಲಿ ಒಂದು ಸೀಟು ಖಾಲಿ. ನಿಂತವರು ಒಬ್ಬ ನಿವೃತ್ತ ಟೀಚರಮ್ಮ, ಒಬ್ಬ ಟೈರ್ ಅಂಗಡಿಯವನು. ಬ್ಯಾಲೆಟ್ಟಿನಲ್ಲಿ ಪಕ್ಷದ ಹೆಸರಿಲ್ಲದಿದ್ದರೂ ಯಾರು ಯಾವ ಕಡೆ ಎಂಬುದು ಬೀದಿಯ ಬೆಕ್ಕುಗಳಿಗೂ ಗೊತ್ತಿತ್ತು.

ಎಡಗಡೆ ಮನೆಯ ಎಜಾಜ್ ಮೈಸೂರಿನವರು, ಸತ್ಯಮೂರ್ತಿಯ ಬೆಳಗಿನ ವಾಕಿಂಗ್ ಜೊತೆಗಾರರು. ಅವರ ಹುಲ್ಲಿನ ಮೇಲೆ ಟೀಚರಮ್ಮನ ನೀಲಿ ಬೋರ್ಡು. ಬಲಗಡೆ ಮನೆಯ ವೀರಭದ್ರಪ್ಪ ಧಾರವಾಡದವರು, ಸತ್ಯಮೂರ್ತಿಯ ಕಣ್ಣಿನ ಆಪರೇಷನ್ ಆದಾಗ ಆಸ್ಪತ್ರೆಗೆ ನಾಲ್ಕು ಸಲ ಕಾರಿನಲ್ಲಿ ಕರೆದುಕೊಂಡು ಹೋದವರು. ಅವರ ಹುಲ್ಲಿನ ಮೇಲೆ ಟೈರಿನವನ ಕೆಂಪು ಬೋರ್ಡು. ಈ ಊರಿನಲ್ಲಿ ಸತ್ಯಮೂರ್ತಿಗೆ ಕನ್ನಡದಲ್ಲಿ ಮಾತಾಡಲು ಇದ್ದವರು ಇವರಿಬ್ಬರೇ. ಒಬ್ಬರನ್ನು ಕಳೆದುಕೊಂಡರೂ ಲೋಕವೇ ಅರ್ಧವಾಗುತ್ತದೆಂದು ಹೆದರಿ, ಇಬ್ಬರಿಗೂ ಬೇರೆ ಬೇರೆಯಾಗಿ "ನನ್ನ ವೋಟು ನಿಮ್ಮ ಕಡೆಗೇ" ಎಂದು ಮಾತು ಕೊಟ್ಟಿದ್ದರು.

ವಿಜಯದಶಮಿ ಶನಿವಾರ ಬಂತು. ಬೆಳಿಗ್ಗೆ ಹತ್ತಕ್ಕೆ ವೀರಭದ್ರಪ್ಪ ಒಂದು ನಕ್ಷೆ ಹಿಡಿದು ಬಂದರು. ಬೀದಿಯ ಒಂದೊಂದು ಮನೆಗೂ ಬಣ್ಣ ಹಚ್ಚಿದ್ದರು.

"ನೋಡ್ರಿ, ಓಣ್ಯಾಗ ಹದಿನೆಂಟು ಮನಿ. ಒಂಬತ್ತು ನೀಲಿ, ಎಂಟು ಕೆಂಪು. ನಿಮ್ಮದೊಂದ ಬಿಳೇದು."

"ಮಾತು ಕೊಟ್ಟಿದೀನಲ್ಲ?"

"ಕೊಟ್ಟೀರಿ ಖರೆ. ಕವರು ಡಬ್ಬಿಗೆ ಬೀಳೂತನಕ ನಾ ಬಣ್ಣ ಹಚ್ಚಂಗಿಲ್ಲ."

ಅಷ್ಟರಲ್ಲಿ ಎಜಾಜ್ ಬಾದಾಮಿ ಬರ್ಫಿಯ ಡಬ್ಬಿ ಹಿಡಿದು ಒಳಗೆ ಬಂದರು. "ನಮ್ಮ ಮನೆಯವಳು ಕಳ್ಸಿದ್ಲು. ನಡೀರಿ ಸಾರ್, ಲೈಬ್ರರಿ ಹತ್ರದ ಡ್ರಾಪ್ ಬಾಕ್ಸ್‌ಗೆ ನಾನೇ ಕರ್ಕೊಂಡು ಹೋಗ್ತೀನಿ."

"ನಿಮಗ್ಯಾಕ ತ್ರಾಸು? ನಾ ಆಗಲೇ ಕಾರ್ ಹೊರಗ ತಗದೀನಿ," ಎಂದರು ವೀರಭದ್ರಪ್ಪ.

"ವೋಟು ಅನ್ನೋದು ಗುಟ್ಟಲ್ವಾ?" ಸತ್ಯಮೂರ್ತಿ ಮೆಲ್ಲಗೆ ಕೇಳಿದರು.

"ಗುಟ್ಟೇ ಸಾರ್. ನಿಮಗೂ ನನಗೂ ಮಾತ್ರ ಗೊತ್ತಿರೋ ಗುಟ್ಟು."

"ನಿಮಗ ಹ್ಯಾಂಗ್ರೀ? ಮಾತು ಕೊಟ್ಟಿದ್ದು ನನಗ."

ಇಬ್ಬರೂ ಒಟ್ಟಿಗೆ ಸತ್ಯಮೂರ್ತಿಯ ಕಡೆ ತಿರುಗಿದರು. ಎರಡು ಊರಿನ ಬಸ್ಸಿಗೂ ಟಿಕೆಟ್ ತೆಗೆದು, ಎರಡೂ ಒಂದೇ ಗಳಿಗೆಗೆ ಬಂದಾಗ ನಿಲ್ದಾಣದಲ್ಲಿ ನಿಂತವನಂತೆ ಸತ್ಯಮೂರ್ತಿ ನಿಂತಿದ್ದರು. ಯಾರೂ ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

"ದಿನಾ ನನ್ನ ಜೊತೆ ನಡೀತಾ ಮನಸ್ಸಲ್ಲಿ ಏನ್ ಅಂದ್ಕೊಳ್ತಿದ್ರಿ ಸಾರ್?" ಎಂದು ಎಜಾಜ್ ಬರ್ಫಿಯ ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟರು. ವೀರಭದ್ರಪ್ಪ ನಕ್ಷೆಯನ್ನು ಮಡಿಸಿದರು.

ಅಷ್ಟು ಹೊತ್ತೂ ಕಾಫಿ ಕೊಟ್ಟು, ಲೋಟ ಎತ್ತಿ ಓಡಾಡುತ್ತಿದ್ದ ವತ್ಸಲಾ ಮಂಗಳಾರತಿ ಮಾಡಿ, ಕವರನ್ನು ಕಣ್ಣಿಗೊತ್ತಿಕೊಂಡು ತಂದು ಗಂಡನ ಕೈಗಿಟ್ಟರು. ಸತ್ಯಮೂರ್ತಿ ಕುಂಕುಮ ಕೊಡವಿ ಕವರನ್ನು ತಿರುಗಿಸಿದರು. ಮೇಲಿದ್ದ ಹೆಸರು ವತ್ಸಲಾ ಸತ್ಯಮೂರ್ತಿ.

"ಮನೆಗೊಂದೇ ಕವರಲ್ವಾ? ರೇಷನ್ ಕಾರ್ಡಿನ ಹಾಗೆ?"

"ತಲೆಗೊಂದು. ಇಲ್ಲಿಗೆ ಬಂದ ತಿಂಗಳೇ ನಾನು ಅಡ್ರೆಸ್ ಬದಲಾಯಿಸ್ದೆ. ನಿಮಗೂ ಹೇಳ್ದೆ, ನಾಳೆ ನೋಡೋಣ ಅಂದ್ರಿ. ನಿಮ್ಮ ಕವರು ಚರಣ್ ಮನೇಲಿದೆ. ನಿನ್ನೆ ಫೋನ್ ಮಾಡಿದ್ದ."

"ಹೇಳಬಾರದಾಗಿತ್ತಾ?"

"ಯಾರೂ ನನ್ನ ಕೇಳ್ಲಿಲ್ಲ."

ಕವರನ್ನು ಗಂಡನ ಕೈಯಿಂದ ಹಿಂದಕ್ಕೆ ಪಡೆದು, ಪೆನ್ನು ತೆಗೆದುಕೊಂಡು ವತ್ಸಲಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮೂರು ಗಂಡಸರು ಆ ಬಾಗಿಲನ್ನೇ ನೋಡುತ್ತ ಕೂತರು. ಹತ್ತು ನಿಮಿಷದ ಮೇಲೆ, ಸಹಿ ಮಾಡಿ ಅಂಟಿಸಿದ ಕವರಿನೊಂದಿಗೆ ಆಕೆ ಹೊರಬಂದರು.

ವೀರಭದ್ರಪ್ಪ ನಕ್ಷೆ ಬಿಡಿಸಿ, ನೀಲಿ ಕೆಂಪು ಎರಡೂ ಪೆನ್ನು ಎತ್ತಿದರು. "ಯಾವ ಬಣ್ಣ ಹಚ್ಚಲಿ ಅಕ್ಕಾರ?"

"ಬಿಳೀನೇ ಇರ್ಲಿ ಬಿಡಿ."

ಸತ್ಯಮೂರ್ತಿಗೆ ನಿಧಾನವಾಗಿ ಹೊಳೆಯಿತು. ಇಲ್ಲಿ ತನಗೆ ವೋಟೇ ಇಲ್ಲ. ವೋಟಿಲ್ಲದ ಮೇಲೆ ಮಾತು ತಪ್ಪುವ ಪ್ರಶ್ನೆಯೂ ಇಲ್ಲ. ಹದಿನೈದು ದಿನಗಳಲ್ಲಿ ಮೊದಲ ಸಲ ಎದೆ ತುಂಬ ಉಸಿರೆಳೆದು, ಬರ್ಫಿಗೆ ಕೈ ಹಾಕಿದರು. "ಏನು ಮಾಡೋದು, ನನ್ನ ಹಣೇಲಿ ಈ ಸಲ ಬರೆದಿಲ್ಲ."

ಎಜಾಜ್ ಫೋನ್ ತೆಗೆದರು. "ಅಡ್ರೆಸ್ ಬದಲಾಯಿಸೋಕೆ ಇನ್ನೂ ಒಂಬತ್ತು ದಿನ ಟೈಮಿದೆ ಸಾರ್. ಇಲ್ಲೇ ಆನ್‌ಲೈನಲ್ಲಿ ಅಪ್ಲೈ ಮಾಡೋಣ. ಹುಟ್ಟಿದ ತಾರೀಖು ಹೇಳಿ."

"ಅವರನ್ನ ಕೇಳಬ್ಯಾಡ್ರಿ, ನಾಳೆ ನೋಡೋಣು ಅಂತಾರ," ಎನ್ನುತ್ತ ವೀರಭದ್ರಪ್ಪ ಎದ್ದು ಹೋಗಿ ಎಜಾಜ್ ಪಕ್ಕದಲ್ಲೇ ಕೂತರು. "ಆಸ್ಪತ್ರೆ ಫಾರಂ ತುಂಬಿದಾಂವ ನಾನು, ಎಲ್ಲಾ ಬಾಯಿಪಾಠ ಅದ. ಬರಕೋರಿ."

ಬಾಯಲ್ಲಿದ್ದ ಬರ್ಫಿಯನ್ನು ನುಂಗಲು ಸತ್ಯಮೂರ್ತಿಗೆ ತುಂಬ ಹೊತ್ತು ಹಿಡಿಯಿತು.